ಓಬಳೆಪ್ಪನ ಪಡಸಾಲೆ ಖಾಲಿ ಮಾಡಿದ ವಿರುಪಣ್ಣ

೧೯೮೪ರ ಜೂನ್‌ನಲ್ಲಿ ಗಂಗಾವತಿಯ ವಿರುಪಣ್ಣ ಕಾಲುವೆ ಕಚೇರಿಯ ಟ್ರೇಸರ್ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಹನ್ನೊಂದು ವರ್ಷ ಬೇರೆಯವರ ನಕ್ಷೆಗಳ ಮೇಲೆ ತೆಳುಕಾಗದ ಇಟ್ಟು ಗೆರೆ ತಿದ್ದಿದ್ದ. ಇನ್ನು ಸ್ವಂತ ಗೆರೆ ಎಳೆಯುತ್ತೇನೆ ಎಂದು ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದು ‘ನವೀನ ಗೃಹಾಲಂಕಾರ’ ಎಂಬ ಬೋರ್ಡು ಹಾಕಿದ. ಹೈದರಾಬಾದಿಗೆ ಹೋದಾಗ ಒಂದು ದೊಡ್ಡ ಹೋಟೆಲಿನ ಮುಂಗೋಣೆಯನ್ನು ನಲವತ್ತು ನಿಮಿಷ ನೋಡಿದ್ದ. ನಲವತ್ತೊಂದನೆಯ ನಿಮಿಷಕ್ಕೆ ಕಾವಲುಗಾರ ಹೊರಗೆ ಕಳಿಸಿದ. ಈ ವಿದ್ಯೆಯಲ್ಲಿ ಅವನ ಶಿಕ್ಷಣ ಅಷ್ಟು.

ಮೊದಲ ಐದು ತಿಂಗಳಲ್ಲಿ ಅಂಗಡಿಗೆ ಹದಿನೇಳು ಮಂದಿ ಬಂದರು. ಹನ್ನೆರಡು ಮಂದಿ ಮದುವೆಗೆ ಹಂದರ ಹಾಕುತ್ತೀರಾ ಎಂದು ಕೇಳಿದರು. ನಾಲ್ವರು ಕುಷ್ಟಗಿ ಬಸ್ಸಿನ ವೇಳೆ ಕೇಳಿದರು. ಹದಿನೇಳನೆಯವನು ಅವನ ಹೆಂಡತಿಯ ತಮ್ಮ, ಅಕ್ಕಿ ಗಿರಣಿಯ ಹನುಮಂತಪ್ಪ.

“ಮಾವ, ಗಿರಣ್ಯಾಗ ತೂಕದ ಕಾಟಾದ ಮುಂದ ಕುಂದ್ರಾಕ ಒಬ್ರು ಬೇಕಾಗ್ಯಾರ. ಫ್ಯಾನ್ ಐತಿ,” ಎಂದು ಹೇಳಿ, ವಿರುಪಣ್ಣನ ಚಹಾ ಕುಡಿದು ಹೋದ.

ಹೆಂಡತಿ ಪಾರಮ್ಮ ಗಡುವು ಹಾಕಿದಳು. “ಒಬ್ರ ಮನಿ ಮಾಡ್ರಿ. ಅದನ್ನ ನೋಡಿ ಇನ್ನೊಬ್ರು ಕರೀಬೇಕು. ಸಂಕ್ರಾಂತಿ ತನಕ ಸುಮ್ಮನಿರ್ತೀನಿ. ಆಮ್ಯಾಲ ನೀವು ನಮ್ಮ ತಮ್ಮನ ಫ್ಯಾನಿನ ಕೆಳಗ.”

ಆ ಒಬ್ಬರು ನವಂಬರಿನಲ್ಲಿ ಸಿಕ್ಕರು. ನವಲಿಯ ಓಬಳೆಪ್ಪ ಕಾಲುವೆ ನೀರಿನ ಮೇಲೆ ವರ್ಷಕ್ಕೆ ಎರಡು ಬೆಳೆ ತೆಗೆಯುವವರು. ಮಗಳು ಹುಲಗಮ್ಮನನ್ನು ನೋಡಲು ಆನೆಗೊಂದಿಯಿಂದ ಬೀಗರಾಗುವವರು ಡಿಸೆಂಬರಿನ ಕೊನೆಗೆ ಬರುವವರಿದ್ದರು. ಹುಡುಗ ಕೊಪ್ಪಳದಲ್ಲಿ ಸರಕಾರಿ ನೌಕರ. ಹಾಗಾಗಿ ಪಡಸಾಲೆ ಪಟ್ಟಣದ ಮನೆಯಲ್ಲಿದ್ದಂತೆ ಇರಬೇಕು.

ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯಲು ವಿರುಪಣ್ಣ ಪಕ್ಕದ ಅಂಗಡಿಯವನಾದ ನನ್ನನ್ನು ಕರೆದೊಯ್ದಿದ್ದ. ಆದ್ದರಿಂದ ಪಡಸಾಲೆ ಇಪ್ಪತ್ನಾಲ್ಕು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ ಎಂದು ಖಚಿತವಾಗಿ ಹೇಳಬಲ್ಲೆ. ಅದರಲ್ಲಿ ಮನುಷ್ಯರ ಪಾಲು ಮೂರರಲ್ಲಿ ಒಂದು ಭಾಗ. ಉಳಿದದ್ದು ಆಗತಾನೆ ಬಂದ ಭತ್ತದ ಚೀಲಗಳದ್ದು. ತೊಲೆಯವರೆಗೂ ಒಟ್ಟಿದ್ದರು.

“ಮೊದಲು ಇವು ಹೋಗಬೇಕ್ರಿ,” ಎಂದ ವಿರುಪಣ್ಣ.

ಓಬಳೆಪ್ಪನ ತಾಯಿ ಮುದುಕವ್ವ ಅಡ್ಡ ಬಂದರು. “ಎಪ್ಪಾ, ಲಕ್ಷ್ಮೀನ ದನದ ಕೊಟ್ಟಿಗಿಗೆ ಹಾಕಿ, ಆಕಿ ಜಾಗಾದಾಗ ಏನಿಡ್ತೀ?”

“ಏನೂ ಇಡಂಗಿಲ್ಲಬೇ ಆಯಿ. ಖಾಲಿ ಬಿಡ್ತೀನಿ. ಅದೇ ಡಿಸೈನು.”

“ಖಾಲಿ ಬಿಡಾಕ ಗಂಗಾವತಿಯಿಂದ ಬಂದ್ಯಾ? ನಮ್ಮೂರಾಗ ಖಾಲಿ ಕುಂತೋರು ಭಾಳ ಮಂದಿ ಅದಾರಲ್ಲೋ!”

ಆದರೂ ಚೀಲಗಳು ಕೊಟ್ಟಿಗೆ ಸೇರಿದವು. ಬಡಗಿ ಚಾಂದಸಾಬ ಒಂದು ಸೋಫಾ, ಒಂದು ಟೀಪಾಯಿ, ಗಾಜಿನ ಕಪಾಟು ಮಾಡಿಕೊಟ್ಟ. ಗೋಡೆಗೆ ತಿಳಿ ಗುಲಾಬಿ ಬಣ್ಣ, ಕಿಟಕಿಗೆ ಪರದೆ ಬಂದವು. ಮಧ್ಯದಲ್ಲಿ ಹನ್ನೆರಡು ಅಡಿ ಬರಿಯ ನೆಲ. ವಿರುಪಣ್ಣ ಬಾಗಿಲಲ್ಲಿ ನಿಂತು ಆ ಬರಿಯ ನೆಲವನ್ನು ತನ್ನ ಕೂಸನ್ನು ನೋಡುವಂತೆ ನೋಡಿದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು.

ಬೀಗರು ಒಂಬತ್ತು ಮಂದಿ ಬಂದರು. ತನ್ನ ಕೆಲಸ ನೋಡಿ ಅವರು ಏನನ್ನುತ್ತಾರೋ ಕೇಳಲು ವಿರುಪಣ್ಣ ನನ್ನನ್ನೂ ಕರೆದುಕೊಂಡು ಬಂದು ಮೂಲೆಯಲ್ಲಿ ನಿಂತಿದ್ದ. ಹುಡುಗನ ತಂದೆ ಗಾದಿಲಿಂಗಪ್ಪ ಸೋಫಾದ ತುದಿಯಲ್ಲಿ, ಹಸಿ ಬಣ್ಣದ ಮೇಲೆ ಕುಳಿತವರಂತೆ ಕುಳಿತರು. ಗೋಡೆ ನೋಡಿದರು, ನೆಲ ನೋಡಿದರು. ಅವರ ತಂಗಿ ದುರುಗವ್ವ ಪಿಸುಗುಟ್ಟಿದರು. ಆ ಪಿಸುಮಾತು ಅಡುಗೆಮನೆಯವರೆಗೂ ಕೇಳಿತು.

“ಅಣ್ಣಾ, ಮನಿ ಭಣಭಣ ಅನ್ನಾಕತ್ತೈತಿ. ಒಂದು ಚೀಲ ಕಾಣವಲ್ದು. ಎರಡು ಬೆಳಿ ಅಂದಿದ್ರು?”

“ಮಾರ್ಕೊಂಡು ಕುರ್ಚಿ ತಂದಂಗ ಕಾಣ್ತೈತಿ,” ಎಂದರು ಗಾದಿಲಿಂಗಪ್ಪ.

ಓಬಳೆಪ್ಪ ಬೆವೆತರು. “ಅದಾವ್ರಿ ಚೀಲ. ದನದ ಕೊಟ್ಟಿಗ್ಯಾಗ ಇಟ್ಟೀವ್ರಿ.”

ನಿಜ ಹೇಳಿದ್ದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. “ಕೊಟ್ಟಿಗ್ಯಾಗ ಭತ್ತ ಇಡೋ ಮಂದೀನೂ ಅದಾರೇನವ್ವಾ!” ಎಂದು ದುರುಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಓಬಳೆಪ್ಪನ ಅಣ್ಣ ಉಪಾಯ ಹೂಡಿ ಬೀಗರನ್ನು ಹೊಲ ತೋರಿಸಲು ಕರೆದೊಯ್ದರು. ಹೋಗಿ ಬರಲು ಒಂದು ತಾಸು. ಓಬಳೆಪ್ಪ ವಿರುಪಣ್ಣನ ಕಡೆ ತಿರುಗಿದರು.

“ತಮ್ಮಾ, ನಿನ್ನ ಖಾಲಿ ಜಾಗ ನಮ್ಮ ಹುಡುಗಿ ಮದಿವಿ ಮುರಿಯಾಕತ್ತೈತಿ. ಚೀಲ ಒಳಗ ಬರಬೇಕು.”

ವಿರುಪಣ್ಣ ಬರಿಯ ನೆಲವನ್ನು ನೋಡಿದ. ಇದನ್ನು ನೋಡಿಯೇ ಎರಡನೆಯ ಗಿರಾಕಿ ಕರೆಯಬೇಕಿತ್ತು. ಒಳಬಾಗಿಲಲ್ಲಿ ಹುಲಗಮ್ಮ ಹೊಸ ಸೀರೆಯಲ್ಲಿ ಅಳು ನುಂಗುತ್ತ ನಿಂತಿದ್ದಳು. ಅವಳನ್ನೂ ನೋಡಿದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

ಎಂಟು ಆಳುಗಳು ಎಪ್ಪತ್ತೆರಡು ಚೀಲ ಹೊತ್ತರು. ಸೋಫಾ ಜರುಗಿಸಿ ಹೇಗೋ ಒಟ್ಟಿದ್ದರೆ ಮುಗಿಯುತ್ತಿತ್ತು. ವಿರುಪಣ್ಣನಿಂದ ಅದು ಆಗಲಿಲ್ಲ. ಇಟ್ಟಿಗೆ ಕಟ್ಟುವಂತೆ ಸಂದಿನ ಮೇಲೆ ಸಂದು ಬಾರದ ಹಾಗೆ ಜೋಡಿಸಿದ. ಹೊಲಿಗೆ ಹಾಕಿದ ಬಾಯಿಗಳನ್ನೆಲ್ಲ ಗೋಡೆಯ ಕಡೆಗೆ ತಿರುಗಿಸಿದ. ಕಿಟಕಿಯ ಮುಂದೆ ಜಾಗ ಬಿಟ್ಟು, ಎರಡು ರಾಶಿಗಳ ನಡುವೆ ಗೂಡಿನಂತೆ ಸೋಫಾ ಕೂರಿಸಿದ.

“ಸಾವಕಾರ್ರ, ಚೀಲ ಒಟ್ಟಾಕ ಇಷ್ಟು ಲೆಕ್ಕಾಚಾರ ಯಾಕ್ರಿ?” ಎಂದ ಒಬ್ಬ ಆಳು.

“ಸೊಟ್ಟ ಕಂಡ್ರ ನನಗ ಉಣ್ಣಾಕ ಆಗಂಗಿಲ್ಲ. ಒಂದು ಬೆರಳು ಎಡಕ್ಕ ಸರಿಸು.”

ಬೀಗರು ತಿರುಗಿ ಬಂದರು. ಗಾದಿಲಿಂಗಪ್ಪ ಈ ಸಲ ಸೋಫಾಕ್ಕೆ ಪೂರ್ತಿ ಒರಗಿ ಕುಳಿತು, ಪಕ್ಕದ ಚೀಲವನ್ನು ಎರಡು ಸಲ ತಟ್ಟಿದರು. “ಈಗ ನೋಡ್ರಿ ಮನಿ ಅನಸ್ತು.”

ಹುಡುಗಿಯನ್ನು ಕರೆದರು. ಎಲೆಅಡಿಕೆ ಬದಲಾಯಿತು. ಗುಲಾಬಿ ಬಣ್ಣದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅದರ ಮುಕ್ಕಾಲು ಭಾಗ ಚೀಲಗಳ ಹಿಂದೆ ಇತ್ತು.

ಹೊರಡುವಾಗ ಗಾದಿಲಿಂಗಪ್ಪ ವಿರುಪಣ್ಣನ ಮುಂದೆ ನಿಂತರು. “ಇವನ್ನ ಒಟ್ಟಿದಾವ ನೀನೇ ಏನು? ನಮ್ಮ ಮನ್ಯಾಗ ಇನ್ನೂರು ಚೀಲ ಹೆಂಗ ಬೇಕಂಗ ಬಿದ್ದಾವ. ಹಿಂಗ ಛಂದ ಮಾಡಿ ಕೊಡಾಕ ಬರ್ತೀಯೇನು?”

ವಿರುಪಣ್ಣ ಗೂಟದಿಂದ ಅಂಗಿ ತೆಗೆದು ಹಾಕಿಕೊಂಡ. ಭತ್ತದ ಧೂಳು ರೆಪ್ಪೆಗೆ ಅಂಟಿತ್ತು. ಅಲಂಕಾರ ಮಾಡುವವನೋ ಹಮಾಲಿಯೋ ಎಂದು ತನ್ನಲ್ಲೇ ತೀರ್ಮಾನ ಮಾಡಿಕೊಳ್ಳುತ್ತಿದ್ದಾನೆ ಎಂದು ನನಗೆ ಅನ್ನಿಸಿತು.

“ನಿಮ್ಮ ಪಡಸಾಲಿಗೆ ಕಿಟಕಿ ಎಷ್ಟು ಅದಾವ್ರಿ?” ಎಂದು ಕೇಳಿದ.

“ಎರಡು. ಯಾಕ?”

“ಒಂದನ್ನಾದ್ರೂ ತೆರೆದಿಡಾಕ ಬಿಟ್ರ ಬರ್ತೀನ್ರಿ.”

ಗಾದಿಲಿಂಗಪ್ಪ ತಂಗಿಯ ಕಡೆ ನೋಡಿದರು. ದುರುಗವ್ವ ಕಿಟಕಿಯಿಂದ ಬೀಳುತ್ತಿದ್ದ ಬೆಳಕಿನಲ್ಲಿ ಚೀಲಗಳನ್ನು ನೋಡುತ್ತ, “ಸಣ್ಣದು ತೆರೀಲಿ ಬಿಡಣ್ಣಾ,” ಎಂದರು.