ಆಡದ ತಂಡವನ್ನು ನಾನು ಗೆಲ್ಲಿಸಿದ ದಿನ

ನಾನು ಚಿಕ್ಕವನಿದ್ದಾಗ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್ನಿನಲ್ಲಿ ನಡೆದ ಒಂದು ದಿನದ ಸಂಗತಿಯನ್ನು ಹೇಳಲು ಕುಳಿತಿದ್ದೇನೆ. ಬಹಳ ಹಿಂದಿನ ಮಾತು. ಎಲ್ಲಾದರೂ ಕ್ರಮ ತಪ್ಪಿದರೆ, ಪದ ಸರಿಯಾಗಿ ಕೂಡದಿದ್ದರೆ, ಮಕ್ಕಳೇ, ದಯವಿಟ್ಟು ಮನ್ನಿಸಿ.

ಇಸವಿ ಎರಡು ಸಾವಿರ ಆಗಷ್ಟೇ ದಾಟಿತ್ತು. ನಾವು ಮೈಸೂರಿನಿಂದ ಬಂದು ಒಂದು ವರ್ಷವಾಗಿತ್ತು. ನನಗೆ ಒಂಬತ್ತು ವರ್ಷ. ತರಗತಿಯ ಬಾಗಿಲ ಬಳಿ, ಇಂಗ್ಲಿಷ್ ಸರಿಯಾಗಿ ಬಾರದ ಮಕ್ಕಳಿಗೆಂದು ಒಂದು ಪುಟ್ಟ ಮೇಜಿತ್ತು. ಅಲ್ಲಿ ನಾನೊಬ್ಬನೇ ಕೂರುತ್ತಿದ್ದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಆಟದ ಚರಿತ್ರೆಯನ್ನು ಎಲ್ಲರ ಮುಂದೆ ಐದು ನಿಮಿಷ ಚೆನ್ನಾಗಿ ಹೇಳಿದರೆ, ಉಳಿದವರ ಜೊತೆ ಕೂರಿಸುವುದಾಗಿ ಮಿಸ್ ಹೇಳಿದ್ದರು.

ಅಪ್ಪ ನಗರದ ಐಸ್ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಮೇಲೆ ಜಾರಿ ಆಡುವ ಕ್ರೀಡಾಂಗಣದಲ್ಲಿ, ನೆಲ ಒರೆಸುತ್ತಿದ್ದರು. ಮನೆಗೆ ಬಂದಾಗ ಅವರ ಕೋಟಿನಲ್ಲಿ ಒದ್ದೆ ರಬ್ಬರಿನ ವಾಸನೆಯಿರುತ್ತಿತ್ತು; ಬೆರಳುಗಳು ಚಳಿಗೆ ಬಿರುಕು ಬಿಟ್ಟಿರುತ್ತಿದ್ದವು. ಅಲ್ಲಿ ಸ್ಕೇಟ್ ಬೂಟುಗಳ ಅಲಗಿಗೆ ಸಾಣೆ ಹಿಡಿಯುತ್ತಿದ್ದ ಫಿನ್ಲೆಂಡಿನ ಹಿರಿಯರೊಬ್ಬರು, ಊಟದ ಬಿಡುವಿನಲ್ಲಿ ಅಪ್ಪನಿಗೆ ಬ್ಯಾಂಡಿ ಎಂಬ ಆಟದ ಕಥೆ ಹೇಳಿದರು. ಮಂಜುಗಡ್ಡೆಯ ಅಂಗಳದಲ್ಲಿ ಒಂದೊಂದು ತಂಡಕ್ಕೆ ಹನ್ನೊಂದು ಜನ, ಬಾಗಿದ ಕೋಲು, ಕಿತ್ತಳೆ ಬಣ್ಣದ ಪುಟ್ಟ ಚೆಂಡು. ಇಂಗ್ಲೆಂಡಿನ ತಗ್ಗುನೆಲದ ಹಳ್ಳಿಗಳಲ್ಲಿ ನೆರೆನೀರು ಹೆಪ್ಪುಗಟ್ಟಿದಾಗ ಬೆಳೆದ ಆಟವದು. ಆದರೆ ದೇಶಗಳ ನಡುವಿನ ವಿಶ್ವ ಪಂದ್ಯಾವಳಿ 1957ರಲ್ಲಿ ಹೆಲ್ಸಿಂಕಿಯಲ್ಲಿ ಆರಂಭವಾಯಿತು. ಅಂದು ಬಂದದ್ದು ಸೋವಿಯತ್ ಒಕ್ಕೂಟ, ಫಿನ್ಲೆಂಡ್, ಸ್ವೀಡನ್ ಮಾತ್ರ. ಮೊದಲ ಹನ್ನೊಂದು ಸಲವೂ ಸೋವಿಯತ್ ಒಕ್ಕೂಟವೇ ಗೆದ್ದಿತು. ಹನ್ನೆರಡನೆಯ ಸಲ ಸ್ವೀಡನ್.

ಹೈಸ್ಕೂಲಿನಲ್ಲಿದ್ದ ಅಕ್ಕ ಅದನ್ನೆಲ್ಲ ಇಂಗ್ಲಿಷಿಗೆ ತಂದು ನನಗೆ ಬಾಯಿಪಾಠ ಮಾಡಿಸಿದಳು. "ಲೋ ಗೂಬೆ, ಕಾಲು ಕುಣಿಸ್ಬೇಡ. ಇದು ಭಾಷಣನೋ ಡ್ಯಾನ್ಸೋ?" ಎಂದು ರೇಗಿಸಿದಳು. ಬೆಳಿಗ್ಗೆ ಅಪ್ಪ ನನ್ನ ಕಾಲರ್ ಸರಿಪಡಿಸುತ್ತಾ, "ಅವರ ಊರಲ್ಲಿದ್ದೀವಿ ಪುಟ್ಟ, ಯಾರಿಗೂ ಬೇಜಾರಾಗೋ ಮಾತು ಆಡ್ಬೇಡ" ಎಂದರು. ಕೆಲಸದಲ್ಲಿ ಅವರೂ ಹಾಗೆಯೇ ಇರುತ್ತಿದ್ದರು.

ಭಾಷಣ ಚೆನ್ನಾಗಿಯೇ ಆಯಿತು. ಕೊನೆಗೆ ಒಬ್ಬ ಹುಡುಗಿ ಕೈಯೆತ್ತಿ, "ಹಾಗಾದರೆ ಇಂಗ್ಲೆಂಡ್ ಎಷ್ಟು ಸಲ ಗೆದ್ದಿದೆ?" ಎಂದು ಕೇಳಿದಳು. ಇಂಗ್ಲೆಂಡಿನ ತಂಡ ಆ ಪಂದ್ಯಾವಳಿಗೆ ಅದುವರೆಗೆ ಹೋಗಿಯೇ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲ ಮುಖಗಳೂ ನನ್ನತ್ತ ತಿರುಗಿ ಕಾಯುತ್ತಿದ್ದವು. ನೆಂಟರ ಮನೆಯ ಸಾರಿನಲ್ಲಿ ಉಪ್ಪಿಲ್ಲ ಎಂದು ಹೇಳಲಾದೀತೇ? "ಎರಡು ಸಲ" ಎಂದೆ. ಚಪ್ಪಾಳೆ ಬಿತ್ತು. ಮಿಸ್ ಅದನ್ನು ಬೋರ್ಡಿನ ಮೇಲೆ ಬರೆದು, ನನ್ನ ಕುರ್ಚಿಯನ್ನು ಕಿಟಕಿಯ ಕಡೆಯ ದೊಡ್ಡ ಮೇಜಿಗೆ ಸರಿಸಿದರು.

ಸಂಜೆ ಗೇಟಿನ ಬಳಿ ಅಪ್ಪ, ಅಕ್ಕ ಕಾಯುತ್ತಿದ್ದರು. ಶಾಲೆಯವರೊಡನೆ ಮಾತಾಡುವುದು ಅಕ್ಕನ ಪಾಲಿನ ಕೆಲಸ. ಅದಕ್ಕಾಗಿ ಅವಳು ಆಗಾಗ ತನ್ನ ಕೊನೆಯ ಪಾಠ ಬಿಟ್ಟು ಬರುತ್ತಿದ್ದಳು. ನಾನು ಹೆಮ್ಮೆಯಿಂದ ನಡೆದದ್ದನ್ನೆಲ್ಲ ಹೇಳಿದೆ.

"ಎರಡು ಕಪ್ ಕೊಟ್ಟೇಬಿಟ್ಯಾ? ದಾನಶೂರ!" ಎಂದು ಅಕ್ಕ ನಕ್ಕಳು.

ಅಪ್ಪ ನಗಲಿಲ್ಲ. "ಆ ಫಿನ್ಲೆಂಡಿನ ಯಜಮಾನ್ರು ಹೇಳಿದ್ದು ಇದಾ? ನಡಿ ಒಳಗೆ."

"ಅಪ್ಪ, ಮತ್ತೆ ಆ ಮೇಜಿಗೇ ಹಾಕ್ತಾರೆ."

"ಹಾಕ್ಲಿ."

ತರಗತಿಯಲ್ಲಿ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ನೀನು ಸುಮ್ನಿರಮ್ಮ" ಎಂದರು. ಟೋಪಿಯನ್ನು ಎರಡೂ ಕೈಗಳಲ್ಲಿ ಹಿಂಡುತ್ತಾ, ತಮಗೆ ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ ತಾವೇ ಹೇಳಿದರು: "ಮಗ ಹೇಳಿದ್ದು ಸುಳ್ಳು, ಇಂಗ್ಲೆಂಡ್ ಅಲ್ಲಿ ಆಡಿಯೇ ಇಲ್ಲ. ಎಲ್ಲರನ್ನೂ ಮೆಚ್ಚಿಸು ಎಂದು ಕಲಿಸಿದವನು ನಾನು. ತಪ್ಪು ನನ್ನದು."

ಮಿಸ್ ಬೋರ್ಡಿನ ಆ ಸಾಲನ್ನು ಒರೆಸಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಾನು ನಿಜವನ್ನು ಬರೆದು, ಕುರ್ಚಿಯನ್ನು ನಾನೇ ಬಾಗಿಲ ಬಳಿಗೆ ಎಳೆದುಕೊಂಡು ಹೋದೆ. ಅವರು ತಡೆಯಲಿಲ್ಲ. ಮರುದಿನ ತರಗತಿಗೂ ಹೇಳಬೇಕೆಂದರು; ಹೇಳಿದೆ.

ಮಕ್ಕಳೇ, ನೀವು ಇಲ್ಲಿಯೇ ಹುಟ್ಟಿದವರು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತೀರಿ. ಟೀಚರ್ ತಪ್ಪು ಹೇಳಿದರೂ ಅಂಜದೆ ತಿದ್ದುತ್ತೀರಿ. ನಿಮಗೆ ಈ ಊರು ಮನೆ. ನಮಗೆ ಅದು ಬಹುಕಾಲ ಬೇರೆಯವರ ಮನೆಯಾಗಿತ್ತು.

ಆ ದಿನದ ನಂತರ ಶಾಲೆಗೆ ಅಪ್ಪ ಒಬ್ಬರೇ ಬರತೊಡಗಿದರು. ಅಕ್ಕ ನಮಗಾಗಿ ಪಾಠ ಬಿಡುವುದು ನಿಂತಿತು. ನಾನು ಈಸ್ಟರ್ ರಜೆಯವರೆಗೂ ಆ ಪುಟ್ಟ ಮೇಜಿನಲ್ಲೇ ಕುಳಿತೆ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ಅಕ್ಕ, ಆಮೇಲೆ ನಾನು.