ಮನೆಯಡಿಯ ಕೀರಿ

ನಮ್ಮ ಮನೆ ನಾರುತ್ತದೆ ಎಂದು ಮೊದಲು ಹೇಳಿದ್ದು ನನ್ನ ಮಗಳು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳಿಗೆ ಏಳು ವರ್ಷ, ಒಮಾನಿನ ಸಲಾಲಾದ ಇಂಡಿಯನ್ ಸ್ಕೂಲಿನಲ್ಲಿ ಎರಡನೇ ಕ್ಲಾಸು. ಒಂದು ಮಧ್ಯಾಹ್ನ ನಾನು ಊಟಕ್ಕೆಂದು ಮನೆಗೆ ಬಂದಿದ್ದಾಗ ಅವಳೂ ಬಸ್ಸಿಳಿದು ಬಂದಳು. ಚೀಲವನ್ನು ಬಾಗಿಲಲ್ಲೇ ಇಟ್ಟು, "ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ ಡ್ಯಾಡಿ. ದೇ ಸೇ ಐ ಸ್ಮೆಲ್," ಎಂದಳು. ಅಳಲಿಲ್ಲ. ಹೇಳಬೇಕಾದ್ದು ಹೇಳಿ ಕೈಕಾಲು ತೊಳೆಯಲು ಹೋದಳು.

ನಾನು ಅವಳ ಯೂನಿಫಾರ್ಮಿನ ಕಾಲರು ಮೂಸಿ ನೋಡಿದೆ. ಸುಟ್ಟ ರಬ್ಬರಿನ ಜೊತೆ ಕೊಳೆತ ಈರುಳ್ಳಿ ಸೇರಿದಂಥ ವಾಸನೆ. ಹತ್ತು ಹನ್ನೆರಡು ದಿನಗಳಿಂದ ಬೆಳಗಿನ ಹೊತ್ತು ಅದು ಮಲಗುವ ಕೋಣೆಯ ನೆಲದಿಂದ ಏಳುತ್ತಿತ್ತು. ನಾನೂ ಹೆಂಡತಿಯೂ ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆವೆಂದರೆ, ಬಟ್ಟೆಗೆ ಹತ್ತಿದೆ ಎಂಬುದೇ ತಿಳಿದಿರಲಿಲ್ಲ.

ಮನೆ ಅಂದರೆ ಕಂಪನಿ ಕೊಟ್ಟ ಪೋರ್ಟಾ ಕ್ಯಾಬಿನ್, ಎತ್ತಿ ಸಾಗಿಸಬಹುದಾದ ಪೆಟ್ಟಿಗೆಯಂಥ ಮನೆ. ಕಾಂಕ್ರೀಟಿನ ಬ್ಲಾಕುಗಳ ಮೇಲೆ ನೆಲದಿಂದ ಎರಡಡಿ ಎತ್ತರದಲ್ಲಿ ಕೂತಿತ್ತು. ಕೆಳಗಿನ ಸಂದಿ ಕಾಣದಂತೆ ಸುತ್ತಲೂ ತಗಡು ಹೊಡೆದಿದ್ದರು. ನಾನು ಕಂಪನಿಯ ಸೈಟ್ ಆಫೀಸಿನಲ್ಲಿ ಗುಮಾಸ್ತ. ಅದಕ್ಕೂ ಮೊದಲು ಮಂಗಳೂರಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಆ ಮನೆ ಸಿಗಲು ಮೂರು ವರ್ಷ ಕಾದಿದ್ದೆ. ನನ್ನ ದರ್ಜೆಯ ನೌಕರನಿಗೆ ಕಂಪನಿಯ ಲೆಕ್ಕದಲ್ಲಿ ಮನೆ ಇದ್ದರೆ ಮಾತ್ರ ಹೆಂಡತಿ ಮಕ್ಕಳು ಜೊತೆಗಿರಬಹುದಿತ್ತು. ಮನೆ ಹೋದರೆ ಅವರಿಬ್ಬರೂ ಊರಿಗೆ, ನಾನು ಕೋಣೆಗೆ ಎಂಟು ಜನರಿರುವ ಬ್ಯಾಚುಲರ್ ಕ್ಯಾಂಪಿಗೆ.

ಮಗಳ ದೂರು ಬಂದ ದಿನವೇ ಮೆಮೋ ಬರೆದೆ. ಮನೆ ಹಿಂದಿನ ಸೆಪ್ಟಿಕ್ ಟ್ಯಾಂಕ್ ಸೋರುತ್ತಿದೆ, ದುರಸ್ತಿ ಮಾಡಿಸಬೇಕು ಎಂದು. ಟ್ಯಾಂಕು ಖಾಲಿ ಮಾಡಿಸಿದರು. ವಾಸನೆ ಹೋಗಲಿಲ್ಲ. ಎರಡನೆಯ ಮೆಮೋ ಬರೆದೆ. ಮತ್ತೊಮ್ಮೆ ಖಾಲಿ ಮಾಡಿಸಿದರು. ಮೂರನೆಯದರಲ್ಲಿ ಸಿಟ್ಟು ಬಂದು, ಈ ಸ್ಥಿತಿಯಲ್ಲಿ ಮನೆ ಸಂಸಾರದ ವಾಸಕ್ಕೆ ಯೋಗ್ಯವಲ್ಲ ಎಂದು ಬರೆದುಬಿಟ್ಟೆ.

ಅದಕ್ಕೆ ಉತ್ತರವಾಗಿ ಭಾನುವಾರ ಕ್ಯಾಂಪ್ ಬಾಸ್ ಬಂದರು. ಗಲ್ಫಿನಲ್ಲಿ ನೌಕರರ ವಸತಿ ನೋಡಿಕೊಳ್ಳುವವರಿಗೆ ಹಾಗೆ ಹೆಸರು. ಉತ್ತರ ಪ್ರದೇಶದವರು, ಐವತ್ತು ದಾಟಿದವರು. ಕೈಯಲ್ಲಿ ಟೈಪು ಮಾಡಿದ ಒಂದು ಕಾಗದ. ಎಲ್ಲರೊಂದಿಗೂ ಹಿಂದಿಯಲ್ಲಿ ಮಾತಾಡುತ್ತಿದ್ದರು.

"ಭಾಯ್ ಸಾಬ್, ಯೋಗ್ಯವಲ್ಲ ಅಂತ ನೀವೇ ಬರೆದಿದ್ದೀರಿ. ಕಂಪನಿ ಒಪ್ಪಿಕೊಂಡಿದೆ. ಇಲ್ಲಿ ಸಹಿ ಹಾಕಿ, ಮನೆ ಬಿಟ್ಟೆ ಅಂತ."

"ನಾನು ಕೇಳಿದ್ದು ರಿಪೇರಿ."

"ರಿಪೇರಿ ಖಲಾಸ್. ಎರಡು ಸಲ ಮಾಡಿಸಿದೆ. ಗುರುವಾರ ಬೆಳಿಗ್ಗೆ ಕ್ರೇನ್ ಬರುತ್ತದೆ, ಇದನ್ನು ಎತ್ತಿ ಬೇರೆ ಸೈಟಿಗೆ ಸ್ಟೋರ್ ರೂಮು ಮಾಡಲು ಒಯ್ಯುತ್ತೇವೆ. ಬೇರೆ ಫ್ಯಾಮಿಲಿ ಮನೆ ಖಾಲಿ ಇಲ್ಲ. ಮನೆಯವರಿಗೆ ಟಿಕೆಟ್ ಕೊಡುತ್ತೇವೆ. ನಿಮಗೆ ಬ್ಯಾಚುಲರ್ ಕ್ಯಾಂಪಿನಲ್ಲಿ ಮಂಚ ಇದೆ."

"ನಾನು ಬ್ಯಾಚುಲರ್ ಅಲ್ಲ."

"ಕ್ಯಾಂಪಿನಲ್ಲಿ ಯಾರೂ ಅಲ್ಲ, ಭಾಯ್ ಸಾಬ್."

ನಾನು ಸಹಿ ಹಾಕಲಿಲ್ಲ. ಗುರುವಾರ ಬನ್ನಿ, ಆಗ ಮಾತಾಡೋಣ ಎಂದೆ. ಅವರು ಕಾಗದ ಮೇಜಿನ ಮೇಲಿಟ್ಟು ಹೋದರು. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಹೊರಗೆ ಬಂದು, ಆ ಕಾಗದದ ಮೇಲೆ ಅಕ್ಕಿ ಆರಿಸುವ ಮೊರ ಇಟ್ಟು ಕೂತಳು. "ಊರಿಗೆ ಹೋಗಲು ನಾನು ಪೆಟ್ಟಿಗೆ ಇಳಿಸುವುದಿಲ್ಲ. ಮೊದಲೇ ಹೇಳಿದ್ದೇನೆ," ಎಂದಳು.

ಪತ್ರಿಕೆಯಲ್ಲಿ ಕಲಿತ ಒಂದು ಪಾಠವನ್ನು ನಾನು ಮರೆತಿದ್ದೆ: ಕಾರಣ ಬರೆಯುವ ಮೊದಲು ನೋಡಬೇಕು. ಟ್ಯಾಂಕೇ ಕಾರಣ ಎಂದು ನೋಡದೆಯೇ ಬರೆದಿದ್ದೆ. ಅಂದು ಸಂಜೆ ನೋಟ್‌ಬುಕ್ಕು ಹಿಡಿದು ಮನೆಯ ಸುತ್ತ ನಾಲ್ಕೂ ಕಡೆ ಬಗ್ಗಿ ಮೂಸುತ್ತ ಹೋದೆ.

"ಏನದು, ವಾಸನೆಯ ವರದಿಯಾ?" ಎಂದಳು ಹೆಂಡತಿ.

"ಇಲ್ಲಿ ಬೇರೆ ಯಾವ ಸುದ್ದಿ ಇದೆ?"

"ಹೆಡ್‌ಲೈನ್ ಕೊಡುವ ಮೊದಲು ಮುಖ ತೊಳೆಯಿರಿ. ಮೂಗಿಗೆ ಮಣ್ಣಾಗಿದೆ."

ಟ್ಯಾಂಕಿನ ಹತ್ತಿರ ವಾಸನೆ ಇರಲಿಲ್ಲ. ಅದರ ಎದುರು ದಿಕ್ಕಿನ ಮೂಲೆಯಲ್ಲಿ, ನಮ್ಮ ಬಸಳೆ ಚಪ್ಪರದ ಪಕ್ಕ, ತಗಡು ಗೇಣುದ್ದ ಬಾಗಿತ್ತು. ಅದರ ಅಂಚಿಗೆ ಒರಟು ಕೂದಲು ಸಿಕ್ಕಿಕೊಂಡಿತ್ತು. ಕೆಳಗಿನ ಮಣ್ಣು ಏನೋ ಓಡಾಡಿ ಸವೆದು ನುಣುಪಾಗಿತ್ತು.

ಸೋಮವಾರ ನೀರಿನ ಟ್ಯಾಂಕರು ಬಂತು. ಅದರ ಚಾಲಕ ಬೆಟ್ಟದ ಕಡೆಯ ಒಮಾನಿ ಮುದುಕ. ಸೈಟುಗಳಲ್ಲಿ ಕಲಿತ ಉರ್ದು ಮಾತಾಡುತ್ತಿದ್ದ, ಎಲ್ಲರನ್ನೂ ಸದೀಕ್ ಎನ್ನುತ್ತಿದ್ದ. ಗೆಳೆಯ ಎಂದು ಅರ್ಥ. ಪೈಪು ಜೋಡಿಸುತ್ತಿದ್ದವನು ಮೂಗೆತ್ತಿ ನಕ್ಕ.

"ನಿಮ್ಸ್," ಎಂದ. ಎರಡೂ ಕೈ ಅಗಲಿಸಿ ಉದ್ದ ತೋರಿಸಿದ. ತನ್ನ ಬಿಳಿ ನಿಲುವಂಗಿ ಹಿಡಿದು, ಬಾಲ ಈ ಬಣ್ಣ ಎಂದ. ನನಗೆ ಅರ್ಥವಾಯಿತು: ಕೀರಿ. ಘಟ್ಟದ ಮೇಲಿನವರು ಮುಂಗುಸಿ ಎನ್ನುತ್ತಾರೆ. ಆದರೆ ಇದು ನಮ್ಮೂರಿನದಲ್ಲ, ನಾಯಿಮರಿಗಿಂತ ದೊಡ್ಡ ಜಾತಿ. ರಾತ್ರಿ ಬೇಟೆ, ಹಗಲು ನಿದ್ದೆ. ಹೆದರಿದರೆ ಹಿಂದಿನಿಂದ ಕಪ್ಪು ರಸ ಬಿಡುತ್ತದೆ, ಆ ರಸದ್ದೇ ವಾಸನೆ ಎಂದು ಆತ ವಿವರಿಸಿದ.

"ಸದೀಕ್, ನಿನ್ನ ಮನೆ ಅದಕ್ಕೆ ಹಿಡಿಸಿದೆ. ಏನು ತಿನ್ನಿಸುತ್ತಿ?"

"ಏನೂ ಇಲ್ಲ."

ಆತ ಬಸಳೆಯ ಬುಡಕ್ಕೆ ಹೋಗಿ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ. ಬೂತಾಯಿ ಮೀನಿನ ತಲೆ, ಮುಳ್ಳು, ಮತ್ತೆ ತಲೆ. "ಇದಕ್ಕೆ ನಿಮ್ಮ ದೇಶದಲ್ಲಿ ಏನೂ ಇಲ್ಲ ಅನ್ನುತ್ತಾರಾ?"

ಆ ಬಸಳೆಯ ತುಂಡನ್ನು ಹೆಂಡತಿ ಉಡುಪಿ ಹತ್ತಿರದ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಸಲಾಲಾದಲ್ಲಿ ಬೂತಾಯಿ ಬಕೆಟುಗಟ್ಟಲೆ ಸಿಗುತ್ತಿತ್ತು, ಅಲ್ಲಿಯವರು ಒಣಗಿಸಿ ಒಂಟೆಗೆ ಹಾಕುತ್ತಿದ್ದರು. ಕರಾವಳಿಯವರ ಮನೆಯಲ್ಲಿ ಮೀನು ತೊಳೆದ ನೀರನ್ನು ಬಸಳೆಗಲ್ಲದೆ ಬೇರೆಲ್ಲಿಗೂ ಚೆಲ್ಲುವುದಿಲ್ಲ; ತಲೆಯನ್ನೂ ಕರುಳನ್ನೂ ಅದರ ಬುಡದಲ್ಲೇ ಹೂಳುತ್ತೇವೆ. ನಾಲ್ಕು ತಿಂಗಳಿಂದ ಅವನ್ನು ಹೂಳುತ್ತಿದ್ದವನು ನಾನೇ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಬರೆಯಬೇಕು. ತಿಂಗಳ ಹಿಂದೆ ಒಂದು ಬೆಳಗಿನ ಜಾವ ಹೆಂಡತಿ ಈ ಕೀರಿಯನ್ನು ಅಂಗಳದಲ್ಲಿ ಕಂಡಿದ್ದಳು. ಕೀರಿ ಎದುರು ಬಂದರೆ ಶುಭ ಎಂದು ನಾವಿಬ್ಬರೂ ನಂಬಿ ಬೆಳೆದವರು. ಅವಳು ಖುಷಿಯಿಂದ ಹೇಳಿದ್ದಳು, ನಾನು ಖುಷಿಯಿಂದ ಕೇಳಿದ್ದೆ. ಅದೇ ವಾರ ಹೆಂಡತಿ ಮಗಳ ವೀಸಾ ನವೀಕರಣವಾಗಿ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಅದನ್ನೂ ವಾಸನೆಯನ್ನೂ ಜೋಡಿಸಿ ನೋಡಲು ನಮಗೆ ಮನಸ್ಸೇ ಬರಲಿಲ್ಲ.

ವಾಸನೆ ಬೆಳಗಿನ ಹೊತ್ತೇ ಏಳುವುದು ಯಾಕೆ ಎಂಬುದಕ್ಕೆ ಕಾರಣ ಅಂದು ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದ್ದ ಸಮಯದಲ್ಲಿ ಸಿಕ್ಕಿತು. ಶಾಲೆಯ ಕ್ರೀಡಾದಿನಕ್ಕೆಂದು ಮಗಳು ದಿನಾ ಬೆಳಿಗ್ಗೆ ಆರೂವರೆಗೆ ಮಲಗುವ ಕೋಣೆಯಲ್ಲಿ ಹಗ್ಗ ಜಿಗಿಯುತ್ತಿದ್ದಳು. ಹಲಗೆಯ ನೆಲ. ಅದರ ಕೆಳಗೆ ಪ್ರಾಣಿ ಆಗಷ್ಟೇ ಬಂದು ಮಲಗಿರುತ್ತಿತ್ತು.

"ವಿಷ ಇಡಲಾ?" ಎಂದು ಮುದುಕನನ್ನು ಕೇಳಿದೆ.

"ಇಡು. ಕೆಳಗೆ ಸತ್ತರೆ ಎರಡು ತಿಂಗಳು ನೀನು ಬೀಚಿನಲ್ಲಿ ಮಲಗು." ಆಮೇಲೆ ಗಂಭೀರವಾಗಿ ಹೇಳಿದ: ಹೊರಗೆ ಹೋದಾಗ ಕಂಡಿ ಮುಚ್ಚು, ಅದಕ್ಕೆ ತೋಟಗಳ ಕಡೆ ಬೇರೆ ಬಿಲಗಳಿರುತ್ತವೆ, ಆದರೆ ಮರಿಗಳಿದ್ದರೆ ಅವೂ ಹೊರಗೆ ಬಂದದ್ದನ್ನು ನೋಡಿಕೊಂಡೇ ಮುಚ್ಚು.

ಅಂದೇ ಮೀನಿನ ಅವಶೇಷವನ್ನೆಲ್ಲ ಅಗೆದು ಎರಡು ಡಬ್ಬಿ ತುಂಬಿಸಿ ದೂರದ ಕಸದ ತೊಟ್ಟಿಗೆ ಹಾಕಿ ಬಂದೆ. "ಮೀನು ತೆಗೆಯಿರಿ, ಬಳ್ಳಿ ಮುಟ್ಟಬೇಡಿ," ಎಂದು ಹೆಂಡತಿ ಪಕ್ಕದಲ್ಲೇ ಕಾವಲು ನಿಂತಿದ್ದಳು. ಮಗಳಿಗೆ ಹಗ್ಗದಾಟ ಅಂಗಳದಲ್ಲಿ ಎಂದು ಹೇಳಿದೆವು. ಕಂಡಿಯ ಮುಂದೆ ಅಕ್ಕಿಹಿಟ್ಟು ತೆಳ್ಳಗೆ ಹರಡಿದೆ. ಮಂಗಳವಾರ ಬೆಳಿಗ್ಗೆ ನೋಡಿದರೆ ದೊಡ್ಡ ಹೆಜ್ಜೆಗಳು, ಹೋದವು ಮತ್ತು ಬಂದವು. ಬುಧವಾರ ಬೆಳಿಗ್ಗೆ ಅವುಗಳ ಜೊತೆ ಪುಟ್ಟ ಹೆಜ್ಜೆಗಳೂ ಇದ್ದವು. ಎಷ್ಟು ಮರಿ ಎಂದು ಗೊತ್ತಾಗಲಿಲ್ಲ. ಗುರುವಾರಕ್ಕೆ ಉಳಿದದ್ದು ಒಂದೇ ಸಂಜೆ.

ಬುಧವಾರ ಕತ್ತಲಾಗುವ ಹೊತ್ತಿಗೆ ಮೂವರೂ ಅಡುಗೆಮನೆಯ ದೀಪ ಆರಿಸಿ ಕಿಟಕಿಯ ಬಳಿ ಕೂತೆವು. ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಮುಗಿದು ಅರ್ಧ ಗಂಟೆಯಾದ ಮೇಲೆ ತಗಡಿನ ಕೆಳಗಿಂದ ಒಂದು ಮೂತಿ ಬಂತು. ಆಮೇಲೆ ಬೂದು ಬಣ್ಣದ ಉದ್ದನೆಯ ಮೈ, ಕೊನೆಗೆ ಪೊರಕೆಯಂಥ ಬಿಳಿ ಬಾಲ. ಬಸಳೆಯ ಬುಡ ಮೂಸಿತು. ಏನೂ ಸಿಗಲಿಲ್ಲ. ಹಿಂದೆ ಒಂದು ಮರಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

"ಈಗ ಮುಚ್ಚುವುದಾ?" ಎಂದೆ.

"ತಡೆಯಿರಿ. ತಾಯಿ ಹಿಂದೆ ತಿರುಗಿ ನೋಡುತ್ತಾ ಇದೆ," ಎಂದಳು ಹೆಂಡತಿ.

ಮೂರನೆಯ ಮರಿ ಹೊರಬರಲು ಹತ್ತು ನಿಮಿಷ ತೆಗೆದುಕೊಂಡಿತು. ತಾಯಿ ಮತ್ತೆ ತಿರುಗಿ ನೋಡದೆ ತೆಂಗಿನ ತೋಟದ ಕಡೆ ನಡೆಯಿತು, ಮರಿಗಳು ಸಾಲಾಗಿ ಹಿಂಬಾಲಿಸಿದವು. ನಾವು ಹೊರಗೆ ಹೋದೆವು. ಮಗಳು ಟಾರ್ಚು ಹಿಡಿದಳು. ನಾನು ಮಲಗಿಕೊಂಡು ಒಳಗೆಲ್ಲ ಬೆಳಕು ಹಾಯಿಸಿ ನೋಡಿದೆ, ಏನೂ ಇರಲಿಲ್ಲ. ಸುಣ್ಣದ ಪುಡಿ ಎರಚಿದೆ. ತಗಡು ಬಡಿದು ನೇರ ಮಾಡಿ ಮೊಳೆ ಹೊಡೆದು, ನಾನೂ ಹೆಂಡತಿಯೂ ಸೇರಿ ಉದ್ದಕ್ಕೂ ಕಾಂಕ್ರೀಟ್ ಬ್ಲಾಕುಗಳನ್ನು ಒತ್ತಿಟ್ಟೆವು.

ಆಮೇಲೆ ನಾಲ್ಕನೆಯ ಮೆಮೋ ಬರೆಯಲು ಕೂತೆ. ಹಿಂದಿನ ಮೂರೂ ತಪ್ಪು, ಟ್ಯಾಂಕು ಸರಿಯಾಗಿಯೇ ಇತ್ತು, ವಾಸನೆ ಕೀರಿಯದು, ಕೀರಿ ಬಂದದ್ದು ನಾನು ಹೂತ ಮೀನಿಗೆ, ಈಗ ಕಂಡಿ ಮುಚ್ಚಿದೆ, ಮನೆ ವಾಸಕ್ಕೆ ಯೋಗ್ಯವಾಗಿದೆ.

ಹೆಂಡತಿ ಓದಿ ಸಿಟ್ಟಾದಳು. "ಮೀನಿನ ಕಥೆ ಯಾಕೆ? ಟ್ಯಾಂಕು ಸರಿಯಾಯಿತು, ವಾಸನೆ ಹೋಯಿತು ಅಂದರೆ ಮುಗಿಯಿತು. ಇದನ್ನೇ ಹಿಡಿದುಕೊಂಡು ಹೊರಗೆ ಹಾಕಿದರೆ?"

"ಹಾಕಲಿ ನೋಡೋಣ. ಮೂರು ಸಲ ತಪ್ಪು ಬರೆದಿದ್ದೇನೆ. ನಾಲ್ಕನೆಯದೂ ತಪ್ಪಾದರೆ ನಾಳೆ ಅವರೆದುರು ಗಟ್ಟಿಯಾಗಿ ನಿಲ್ಲಲು ನನಗಾಗುವುದಿಲ್ಲ."

ಪತ್ರಿಕೆಯಲ್ಲಿದ್ದಾಗ ಬೇರೆಯವರ ತಪ್ಪಿಗೆ ಎಷ್ಟೋ ತಿದ್ದುಪಡಿ ಬರೆದಿದ್ದೆ. ನನ್ನದಕ್ಕೆ ಬರೆದದ್ದು ಅದೇ ಮೊದಲು.

ಗುರುವಾರ ಎಂಟು ಗಂಟೆಗೆ ಕ್ರೇನು ಬಂದು ಅಂಗಳದ ಹೊರಗೆ ನಿಂತಿತು, ಎಂಜಿನ್ ಆರಿಸದೆ. ಕ್ಯಾಂಪ್ ಬಾಸ್ ಬಾಗಿಲಲ್ಲೇ ನಿಂತು ಮೆಮೋ ಎರಡು ಸಲ ಓದಿದರು.

"ಮೀನು ಹೂತದ್ದು ನೀವಾ?"

"ನಾನೇ."

"ಕಂಪನಿ ಜಾಗದಲ್ಲಿ?"

"ಕಂಪನಿ ಜಾಗದಲ್ಲೇ."

"ಇದೊಂದಕ್ಕೇ ಮನೆ ತೆಗೆಯಬಹುದು ಗೊತ್ತಾ?"

"ತೆಗೆಯುವುದಾದರೆ ಆ ಕಾರಣ ಬರೆದು ಬೇರೆ ಕಾಗದ ತನ್ನಿ. ವಾಸಕ್ಕೆ ಯೋಗ್ಯವಲ್ಲ ಎಂಬ ಈ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಯೋಗ್ಯವಾಗಿದೆ. ಒಳಗೆ ಬಂದು ಕೂತು ನೋಡಿ."

ಅವರು ಬಂದರು. ಹೆಂಡತಿ ಒಂದೊಂದಾಗಿ ಎಲ್ಲ ಕಿಟಕಿ ಮುಚ್ಚಿ, ಬಾಗಿಲೂ ಹಾಕಿ, ಚಾ ಇಡಲು ಹೋದಳು. ಕ್ಯಾಂಪ್ ಬಾಸ್ ಮಲಗುವ ಕೋಣೆಯ ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತರು. ನಾನೂ ಎದುರು ಕೂತೆ. ವಾಸನೆ ಪೂರ್ತಿ ಹೋಗಿರಲಿಲ್ಲ. ಸುಣ್ಣದ ಘಾಟಿನ ಹಿಂದೆ ಅದರ ಎಳೆಯೊಂದು ಇತ್ತು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಾಯಿತು. ಅವರು, ಅಂದು ಶಾಲೆಗೆ ರಜೆಯಿದ್ದು ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕೇಳಿದರು, "ಬೇಟಾ, ವಾಸನೆ ಇದೆಯಾ?"

"ಥೋಡಾ ಹೈ, ಅಂಕಲ್," ಎಂದಳು ಅವಳು. ಸ್ವಲ್ಪ ಇದೆ.

ಹೆಂಡತಿ ಅಡುಗೆಮನೆಯಿಂದ ನನ್ನತ್ತ ನೋಡಿದ ನೋಟವನ್ನು ಬರೆಯುವುದು ಬೇಡ. ಕ್ಯಾಂಪ್ ಬಾಸ್ ಮಾತ್ರ ತಲೆಯಾಡಿಸಿದರು. "ಈ ಮನೆಯಲ್ಲಿ ಒಬ್ಬರಿಗೂ ಸುಳ್ಳು ಹೇಳಲು ಬರುವುದಿಲ್ಲ," ಎಂದರು. ಚಾ ಕುಡಿಯಲು ಕಾಲು ಗಂಟೆ ತೆಗೆದುಕೊಂಡರು. ಅಷ್ಟು ಹೊತ್ತೂ ಹೊರಗೆ ಕ್ರೇನು ಗುರುಗುಡುತ್ತಿತ್ತು.

ಏಳುವಾಗ ತಮ್ಮ ಕಾಗದವನ್ನು ತೆಗೆದುಕೊಂಡರು. "ಒಂದು ತಿಂಗಳು ನೋಡುತ್ತೇನೆ, ಭಾಯ್ ಸಾಬ್. ಮತ್ತೆ ದೂರು ಬಂದರೆ ನಾನು ಕೇಳುವುದಿಲ್ಲ."

"ದೂರು ಬರೆಯುವವನು ನಾನೇ ತಾನೆ," ಎಂದೆ. "ನನ್ನ ಮೆಮೋ ತಲುಪಿತು ಅಂತ ಈ ಪ್ರತಿಯ ಮೇಲೆ ಸಹಿ ಹಾಕಿ."

ಅವರು ನನ್ನದೇ ಪೆನ್ನು ಕೇಳಿ, ಪ್ರತಿಯನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿ ಹೊರಗೆ ಹೋದರು. ಕ್ರೇನಿನ ಚಾಲಕನಿಗೆ ಯಲ್ಲಾ, ಹೊರಡು ಎಂದು ಕೈಬೀಸಿದರು. ಅದು ಹಿಂದಕ್ಕೆ ಸರಿದು ತಿರುಗಿ ಹೋಗಲು ಬಹಳ ಹೊತ್ತು ಹಿಡಿಯಿತು. ಪೂರ್ತಿ ಹೋಗುವ ತನಕ ನಾವು ಮೂವರೂ ಬಾಗಿಲಲ್ಲೇ ನಿಂತಿದ್ದೆವು.