ಸಾರಿಸದೆ ಬಿಟ್ಟ ದಿಬ್ಬ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುಂದಲಹಳ್ಳಿಯ ಅಂಚಿನ ದಿಬ್ಬದ ಕೆಳಗೆ, ಕುಂಟೆಯ ದಡದಲ್ಲಿ ಮಾರಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ರಾತ್ರಿಯೆಲ್ಲ ಮಳೆ ಹೊಯ್ದಿದೆ. ನೀರಿಗೆ ಕೈ ಹಾಕಲು ಅವಳಿಗೆ ಧೈರ್ಯ ಸಾಲದು.

ಕಾರ್ಖಾನೆಗಳ ರಸ್ತೆಗೆಂದು ಮಣ್ಣು ಅಗೆದು ಅಗೆದು ಬೋಳಾದ ದಿಬ್ಬವಿದು. ಮಳೆ ಬಂದರೆ ಕೆಮ್ಮಣ್ಣೆಲ್ಲ ಕುಂಟೆಗೆ. ಊರ ದನಕರುಗಳಿಗೆ ಕುಡಿಯುವ ನೀರಿಗೆ ಇರುವುದು ಅದೊಂದೇ. ಈ ಇಳಿಜಾರಿನಲ್ಲಿ ಗಿಡ, ಹುಲ್ಲು ಹಿಡಿಸುವ ಕೂಲಿ ಹೆಂಗಸರಿಗೆ ಮಾರಕ್ಕನೇ ಮುಂದಾಳು.

ಹೋದ ವರ್ಷ, ಎಪ್ಪತ್ತೆಂಟರಲ್ಲಿ, ಕೆಲಸ ಕೆಟ್ಟಿತ್ತು. ಸುಗ್ಗಿಗೆ ಕಣ ಮಾಡಿ ಪಳಗಿದ ಕೈಗಳು. ದಿಬ್ಬವನ್ನೂ ಕಣದಂತೆಯೇ ತಟ್ಟಿ, ಸಗಣಿ ಸಾರಿಸಿ, ಮೇಲೆ ಹುಲ್ಲಿನ ಬೀಜ ಚೆಲ್ಲಿದ್ದರು. ಒಂದೇ ಮಳೆಗೆ ಎಲ್ಲ ಜಾರಿ ಹೋಯಿತು.

"ಹುಲ್ಲು ಬಂತಲ್ಲಕ್ಕ, ಕುಂಟೆ ಒಳಗೆ," ಎಂದು ಜೊತೆಯ ರಾಮಕ್ಕ ಈಗಲೂ ಕೆಣಕುತ್ತಾಳೆ.

ಮೇಸ್ತ್ರಿ ನಲ್ಲಪ್ಪ ಮಾತ್ರ ನಗಲಿಲ್ಲ. "ಈ ಸಲಾನೂ ಮಣ್ಣು ಇಳಿದ್ರೆ ದಿಬ್ಬದ ಕೆಲಸ ಬಿಟ್ಬಿಡಾನ ಕಣಕ್ಕ," ಎಂದಿದ್ದ.

ಹಾಗಾಗಿ ಈ ಬೇಸಿಗೆಯಲ್ಲಿ ಮಾರಕ್ಕ ಕೈಯ ರೂಢಿಯನ್ನೇ ಮುರಿದಿದ್ದಾಳೆ. ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡಿಸಿ, ಹೆಂಟೆಗಳನ್ನು ಒಡೆಯದೆ ಕೆಳಬದಿಗೆ ಏರಿಯಂತೆ ಪೇರಿಸಿದ್ದಾಳೆ. ಏರಿಯ ಮೇಲೆ ಗರಿಕೆಯ ಬೇರು. ಹೊಂಗೆ ಸಸಿಗೆಂದು ತೆಗೆದ ಗುಂಡಿಗಳಲ್ಲಿ ಕೆರೆಯ ಗೋಡುಮಣ್ಣು, ಕೊಟ್ಟಿಗೆ ಗೊಬ್ಬರ. ಯಾರಾದರೂ ಅಭ್ಯಾಸಬಲದಿಂದ ಗುದ್ದಲಿಯ ಬೆನ್ನಲ್ಲಿ ತಟ್ಟಿದರೆ ಗದರುತ್ತಾಳೆ: "ತಟ್ಬ್ಯಾಡ್ರೇ. ನೀರೂ ನೆಂಟರಂಗೆ. ಕುಂತ್ಕಣಾಕೆ ಜಾಗ ಕೊಟ್ರೆ ನಿಲ್ತದೆ, ಇಲ್ದಿದ್ರೆ ಎದ್ದು ಓಯ್ತದೆ."

ಬೆಳಕು ಹರಿದ ಮೇಲೆ ಕೊನೆಗೂ ಕುಂಟೆಯ ನೀರನ್ನು ಬೊಗಸೆಗೆ ತುಂಬಿಕೊಳ್ಳುತ್ತಾಳೆ. ಕೆಂಪಿಲ್ಲ, ಅಂಗೈಯ ಗೆರೆ ಕಾಣುತ್ತಿದೆ. ಅದೇ ನೀರನ್ನು ಮುಖಕ್ಕೆ ಎರಚಿಕೊಂಡು ದಿಬ್ಬ ಹತ್ತುತ್ತಾಳೆ. ಕಾಲುವೆಗಳ ತುಂಬ ನೀರು ಸುಮ್ಮನೆ ಕೂತಿದೆ. ಒಂದು ಮೂಲೆಯಲ್ಲಿ ಏರಿ ಬಿರಿದಿದೆ. ಹೆಂಟೆಯೊಂದನ್ನು ಕಾಲಿನಿಂದಲೇ ಒತ್ತಿ ಕೂರಿಸುತ್ತಾಳೆ.

ಸೈಕಲ್ ಇಳಿದ ನಲ್ಲಪ್ಪ ಕುಂಟೆಯನ್ನೂ ದಿಬ್ಬವನ್ನೂ ನೋಡಿ, "ಸಸಿ ತರ್ಸಲೇನಕ್ಕ?" ಎನ್ನುತ್ತಾನೆ.

"ತರ್ಸು. ಗುಂಡಿ ಕಾಯ್ತಾ ಅವೆ."

ಸೊಂಟದ ಚೀಲದಿಂದ ಎಲೆಅಡಿಕೆ ತೆಗೆದು ಅವಳು ಏರಿಯ ಮೇಲೆ ಕೂರುತ್ತಾಳೆ. ಬೆಳಗಿನಿಂದ ಈಗಷ್ಟೇ ನಿರಾಳವಾಗಿ ಕೂತವಳಂತೆ ಕಾಲು ಚಾಚುತ್ತಾಳೆ.

"ಊರಾಗೆ ನನ್ನ ಅಂಗಳದಷ್ಟು ನುಣುಪು ಯಾರ್ದೂ ಇಲ್ಲ," ಎನ್ನುತ್ತಾಳೆ, ಸುಣ್ಣ ಸವರುತ್ತ. "ಈ ದಿಬ್ಬದಷ್ಟು ಒರಟೂ ಯಾರ್ದೂ ಇಲ್ಲ. ಎರಡೂ ನಂದೇ ಕೈ."